ನಡುಮಧ್ಯಾಹ್ನದ ಕಣ್ಣು

ಕ್ರೇನಕ್ಕನಿಗೆ ಎರಡು ಕನ್ನಡಕ. ಕೆಂಪು ದಾರದ್ದು ಬೆಳಿಗ್ಗೆಗೆ, ಕಪ್ಪು ದಾರದ್ದು ಸಂಜೆಗೆ. ಅವಳ ದೃಷ್ಟಿ ಒಂದು ಕಡೆ ನಿಲ್ಲುವ ಜಾತಿಯದಲ್ಲ. ಎದ್ದಾಗ ಒಂದು ನಂಬರು, ಕತ್ತಲಾಗುವ ಹೊತ್ತಿಗೆ ಇನ್ನೊಂದು. ನಡುವೆ, ಬಿಸಿಲು ನೆತ್ತಿಗೇರಿದಾಗ ಮಾತ್ರ, ದೂರದ್ದೆಲ್ಲ ಬರಿಗಣ್ಣಿಗೇ ಚೊಕ್ಕವಾಗಿ ಕಾಣುತ್ತಿತ್ತು. ಆಗ ಅವಳು ಕಿಟಕಿಯಲ್ಲಿ ನಿಂತು ಬೀದಿಯಾಚೆಯ ಅಂಗಡಿ ಬೋರ್ಡುಗಳನ್ನು ಜೋರಾಗಿ ಓದಿ ನೆರೆಯವರ ತಲೆ ತಿನ್ನುತ್ತಿದ್ದಳು.

ಇದೆಲ್ಲ ಹಳೆಯ ಆಪರೇಷನ್ನಿನ ಫಲ. ಆಗ ಬಂದರಿನಲ್ಲಿ ಕ್ರೇನ್ ಓಡಿಸಲು ಕನ್ನಡಕದವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಹೆಂಗಸರನ್ನಂತೂ ಕೇಳುವುದೇ ಬೇಡ. ಹೆಂಗಸೆಂಬ ತಕರಾರನ್ನು ಅವಳು ಜಗಳವಾಡಿಯೇ ಗೆದ್ದಳು. ಕಣ್ಣಿನ ಜೊತೆ ಜಗಳವಾಡಲು ಬರುವುದಿಲ್ಲವಲ್ಲ, ಅದಕ್ಕೊಬ್ಬ ಡಾಕ್ಟರನ್ನು ಹುಡುಕಿದಳು. ಆ ಮುದಿ ಡಾಕ್ಟರು ಕಣ್ಣಿನ ಮುಂದಿನ ಗಾಜಿನಂಥ ಪಟಲದ ಮೇಲೆ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ, ವಜ್ರದ ಅಲಗಿನಿಂದ ಗೀರು ಹಾಕುತ್ತಿದ್ದರು. ಪಟಲ ಚಪ್ಪಟೆಯಾಗಿ ದೂರದ್ದು ಕಾಣುತ್ತಿತ್ತು. "ಮುಂದೆ ಏನಾಗುತ್ತೋ ನನಗೂ ಗೊತ್ತಿಲ್ಲ ತಾಯಿ, ಇನ್ನೊಂದ್ಸಲ ಯೋಚ್ನೆ ಮಾಡು," ಎಂದು ಎರಡು ಸಲ ಮನೆಗೆ ಕಳಿಸಿದ್ದರು. ಮೂರನೆಯ ಸಲ ಅವಳೇ "ಗೀರಿ ಡಾಕ್ಟ್ರೇ, ನೋಡೇಬಿಡೋಣ" ಎಂದು ಮೇಜಿನ ಮೇಲೆ ಮಲಗಿಬಿಟ್ಟಳು.

ಇವತ್ತು ಅವಳ ಮಗಳೇ ಕಣ್ಣಿನ ಡಾಕ್ಟರು. ಲೇಸರಿನಲ್ಲಿ ಹೆಸರು ಮಾಡಿದವಳು. ಕಣ್ಣಿನ ಡಾಕ್ಟರುಗಳ ದೊಡ್ಡ ಸಭೆಯಲ್ಲಿ ಲೇಸರ್ ಚಿಕಿತ್ಸೆ ಬೆಳೆದುಬಂದ ಬಗೆಯನ್ನು ಹೇಳಲು ಅವಳನ್ನು ಕರೆದಿದ್ದರು. ಅಮ್ಮನೂ ಬಂದಿದ್ದಳು, ಹೊಸ ಚಪ್ಪಲಿ ಮೆಟ್ಟಿಕೊಂಡು. ಮಗಳು ಅವಳನ್ನು ಕೊನೆಯ ಸಾಲಿನಲ್ಲಿ ಕೂರಿಸಿ ವೇದಿಕೆ ಹತ್ತಿದಳು. ಎರಡೂ ಕನ್ನಡಕ ಮಗಳ ಬ್ಯಾಗಿನಲ್ಲೇ ಉಳಿದವು.

ಮಗಳು ಚೆನ್ನಾಗಿಯೇ ಮಾತಾಡಿದಳು. ಕಾರ್ಖಾನೆಯಲ್ಲಿ ಕಂಪ್ಯೂಟರ್ ಚಿಪ್ ಕೆತ್ತುತ್ತಿದ್ದ ಲೇಸರ್, ಸುತ್ತಲಿನದನ್ನು ಸುಡದೆ ಕಣ್ಣಿನ ಪಟಲವನ್ನೂ ನವಿರಾಗಿ ಸವೆಸಬಲ್ಲದು ಎಂದು ಗೊತ್ತಾದದ್ದು; ಮೊದಮೊದಲು ಮೇಲ್ಪದರ ಕೆರೆದು ಮಾಡುತ್ತಿದ್ದದ್ದು; ಆಮೇಲೆ ಪುಸ್ತಕದ ಹಾಳೆ ಮಗುಚಿದಂತೆ ತೆಳುವಾದ ಪದರ ಎತ್ತಿ, ಕೆಳಗೆ ಲೇಸರ್ ಬಿಟ್ಟು, ಮತ್ತೆ ಮುಚ್ಚುವ ವಿದ್ಯೆ ಬಂದದ್ದು. ಕ್ರೇನಕ್ಕನ ಎದೆ ಉಬ್ಬಿತು. ಪಕ್ಕದ ಡಾಕ್ಟರನ್ನು ಮೊಣಕೈಯಿಂದ ತಿವಿದು, "ನನ್ ಮಗಳು" ಎಂದಳು.

"ಇದೆಲ್ಲ ಯಾಕೆ ಬೇಕಾಯ್ತು ಗೊತ್ತಾಗೋಕೆ, ಅದಕ್ಕೂ ಹಿಂದಿನದನ್ನ ನೋಡಿ," ಎಂದು ಮಗಳು ಗುಂಡಿ ಒತ್ತಿದಳು.

ಪರದೆಯ ತುಂಬ ಒಂದು ಕಣ್ಣು. ಎಂಟು ಗೀರು. ಪಾಪೆಯ ಪಕ್ಕದಲ್ಲಿ ಎಳ್ಳಿನಷ್ಟು ಕಂದು ಚುಕ್ಕೆ. ದಿನಾ ಕನ್ನಡಿಯಲ್ಲಿ ನೋಡುವ ಚುಕ್ಕೆ ಯಾರಿಗೆ ಗೊತ್ತಾಗುವುದಿಲ್ಲ? ಹೋದ ತಿಂಗಳು "ಸುಮ್ನೆ ಚೆಕಪ್ ಅಮ್ಮ" ಎಂದು ಮಗಳು ಯಂತ್ರದ ಮುಂದೆ ಕೂರಿಸಿದ್ದು ನೆನಪಾಯಿತು. ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಚಾಕುವಿನ ಕಾಲದ ಬಲಿಪಶು.

"ಬೆಳಿಗ್ಗೆ ಒಂದು ನಂಬರು, ಸಂಜೆ ಒಂದು ನಂಬರು. ಪಾಪ, ಮಾಡಿದವ್ರಿಗೂ ಏನೂ ಗೊತ್ತಿರ್ಲಿಲ್ಲ, ಮಾಡಿಸ್ಕೊಂಡವ್ರಿಗೂ ಗೊತ್ತಿರ್ಲಿಲ್ಲ."

ಸಭೆ ಲೊಚಗುಟ್ಟಿತು. ಕ್ರೇನಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬೈಗುಳವನ್ನಾದರೂ ಅವಳು ಸಹಿಸಿಯಾಳು, ಅಯ್ಯೋ ಪಾಪವನ್ನಲ್ಲ.

"ಯಾರ್ರೀ ಪಾಪ?" ಎಂದು ಎದ್ದು ನಿಂತಳು. ಬಂದರಿನ ಗದ್ದಲದಲ್ಲಿ ಪಳಗಿದ ಗಂಟಲು, ಮೈಕು ಬೇಕಿರಲಿಲ್ಲ.

"ಅಮ್ಮಾ, ಪ್ರಶ್ನೆಗಳು ಕೊನೆಯಲ್ಲಿ," ಎಂದರು ಸಭೆ ನಡೆಸುತ್ತಿದ್ದವರು.

"ನಂದು ಪ್ರಶ್ನೆ ಅಲ್ಲ. ಆ ಕಣ್ಣು ನಂದು."

ಮಗಳ ಮುಖದಲ್ಲಿ ರಕ್ತವಿರಲಿಲ್ಲ. "ಅಮ್ಮ... ನಿಂಗೆ ಅಲ್ಲಿಂದ ಕಾಣ್ಸುತ್ತಾ?"

"ಗಡಿಯಾರ ನೋಡು ಪುಟ್ಟಿ."

ಹನ್ನೆರಡು ದಾಟಿತ್ತು. ಬೆಳಿಗ್ಗೆಯದನ್ನೂ ಸಂಜೆಯದನ್ನೂ ಊರಿಗೆಲ್ಲ ಹೇಳಿದ ಮಗಳು ಮಧ್ಯಾಹ್ನವನ್ನು ಮರೆತಿದ್ದಳು. ಅಷ್ಟು ದೊಡ್ಡ ಡಾಕ್ಟರು ಪುಟ್ಟಿಯಾದದ್ದಕ್ಕೆ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

"ಅಮ್ಮ, ಆ ಆಪರೇಷನ್ ನಿಲ್ಲಿಸಿದ್ದು ಒಳ್ಳೇದಕ್ಕೇ."

"ಹೌದು, ಒಳ್ಳೇದೇ. ಇವತ್ತಾಗಿದ್ರೆ ನಾನೂ ನಿನ್ನ ಲೇಸರ್ ಕೆಳಗೇ ಮಲಗ್ತಿದ್ದೆ. ಅವತ್ತು ನಿನ್ನ ಲೇಸರ್ ಇನ್ನೂ ಕಾರ್ಖಾನೇಲಿ ಚಿಪ್ ಕೆತ್ತುತ್ತಾ ಇತ್ತು. ಅದು ಬರೋವರೆಗೂ ನಾನು ಕೈಕಟ್ಟಿ ಕೂತಿರ್ಬೇಕಿತ್ತಾ? ನಂಗೆ ಕ್ರೇನ್ ಹತ್ಬೇಕಿತ್ತು. ಹತ್ತಿದೆ. ಗೊತ್ತಿದ್ದೇ ಹತ್ತಿದೆ."

ಅಷ್ಟರಲ್ಲಿ ಅವಳ ಕಣ್ಣು ಪರದೆಯ ತೀರಾ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಬಿತ್ತು. ಒಂದೊಂದೇ ಪದ ಬಿಡಿಸಿ ಓದಿದಳು: "ರೋಗಿಯ... ಒಪ್ಪಿಗೆ... ಪಡೆಯಲಾಗಿದೆ."

ಪರದೆ ಬಿಟ್ಟು ಮಗಳ ಕಡೆ ತಿರುಗಿದಳು.

"ಯಾವಾಗ ಪಡೆದೆ ಪುಟ್ಟಿ? ಏನೂ ಗೊತ್ತಿಲ್ಲದ ಆ ಡಾಕ್ಟ್ರು ನನ್ನ ಎರಡೆರಡು ಸಲ ಕೇಳಿದ್ರು. ಎಲ್ಲಾ ಗೊತ್ತಿರೋ ನೀನು ಒಂದ್ಸಲನೂ ಕೇಳ್ಲಿಲ್ಲ."

ಮಗಳು ತಲೆ ತಗ್ಗಿಸಿದಳು. ಆದರೂ ಅಮ್ಮ ಕೂರಲಿಲ್ಲ. ಕೊನೆಗೆ ಮಗಳು ಮೈಕನ್ನು ಬದಿಗೆ ಸರಿಸಿ, ಅಷ್ಟು ಜನರೆದುರು ಬರಿಗಂಟಲಿನಲ್ಲಿ ಕೇಳಿದಳು: "ತಪ್ಪಾಯ್ತಮ್ಮ. ಈ ಚಿತ್ರ ತೋರಿಸ್ಲಾ?"

"ಮೊದ್ಲು ಆ ಬಲಿಪಶು ಅಳಿಸು."

ಇಡೀ ಸಾಲು ಅಳಿಯಿತು. ಕಣ್ಣಿನ ಕೆಳಗೆ ಖಾಲಿ ಜಾಗ ಉಳಿಯಿತು.

"ಏನು ಬರೀಲಿ?"

"ಕ್ರೇನ್ ಡ್ರೈವರ್ ಅಂತ ಬರಿ. ದಪ್ಪಕ್ಷರದಲ್ಲಿ."

ಬರೆದದ್ದನ್ನು ಕ್ರೇನಕ್ಕ ಕೊನೆಯ ಸಾಲಿನಿಂದಲೇ, ಒಂದಕ್ಷರ ಬಿಡದೆ ಓದಿಕೊಂಡಳು.

"ಹ್ಞೂಂ," ಎಂದು ಕೂತಳು. "ಈಗ ತೋರ್ಸು."