ಕಬ್ಬೂರ ಕೆರೆಯ ಸೀರೆ

ಕೌದಿ ಹೊಲಿಯುವ ರಾಮವ್ವ ಸೀರೆಗೆ ಕತ್ತರಿ ಹಾಕಬೇಕು, ಅಷ್ಟರಲ್ಲಿ ಬಾಣಂತಿ ನೀಲಮ ಒಂದು ಫೋಟೊ ಹೊಡೆದುಕೊಳ್ಳುತ್ತೇನೆಂದು ಅಡ್ಡ ಬಂದಳು. ಅವಳ ಕೂಸಿಗೆ ಹೊದಿಸಲು ಹಳೆ ಸೀರೆಗಳ ಕೌದಿ ಹೊಲಿಯುವುದಿತ್ತು. ಅದಕ್ಕೆಂದೇ ಅಜ್ಜಿ ಸಕ್ಕುಬಾಯಿ ಟ್ರಂಕಿನ ತಳದಿಂದ ತನ್ನ ವಾಯಲ್ ಸೀರೆ ತೆಗೆದು ಕೊಟ್ಟಿದ್ದಳು. ನೀಲಿ ನೀರು, ನೀರ ಮೇಲೆ ತಿಳಿಗೆಂಪು ತಾವರೆ, ಮೇಲಿಂದ ಇಳಿಬಿದ್ದ ಯಾವುದೋ ಗಿಡದ ಹಸಿರು. ಇಷ್ಟು ವರ್ಷ ಒಗೆದರೂ ಬಣ್ಣ ಪೂರ್ತಿ ಬಿಟ್ಟಿರಲಿಲ್ಲ.

ಸಕ್ಕುಬಾಯಿಯ ಪಾಲಿಗೆ ಅದು ಸೀರೆಯಲ್ಲ, ತೀರಿಹೋದ ಗಂಡ ಲಗಮಪ್ಪನ ಚಿತ್ರ. ನಿಪ್ಪಾಣಿಯ ಅರಿವೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಚುತ್ತಿದ್ದ ಲಗಮಪ್ಪನಿಗೆ ಬಣ್ಣದ ಹುಚ್ಚು. ಹೆಂಡತಿಯ ತವರು ಕಬ್ಬೂರಿನ ಕೆರೆ ಬರೆದು, ಸೀರೆಗೆ ಅಚ್ಚು ಹಾಕಲೆಂದು ಬಟ್ಟೆ ಮಿಲ್ಲಿನ ಏಜೆಂಟನ ಕೈಗೆ ಕೊಟ್ಟಿದ್ದ. ಮರುವರ್ಷ ದೀಪಾವಳಿಯ ಮಾಲಿನಲ್ಲಿ ಈ ಸೀರೆ ಬಂದಾಗ ಅಂಗಡಿ ಬಿಟ್ಟು ಮನೆಗೆ ಓಡಿಬಂದಿದ್ದ. ಕಬ್ಬೂರ ಕೆರೆಯಲ್ಲಿ ಎಮ್ಮೆ ಬಿದ್ದಿರುತ್ತಿದ್ದವೇ ಹೊರತು ತಾವರೆ ಕಂಡವರಿಲ್ಲ. ಮಿಲ್ಲಿನವರು ಸ್ವಲ್ಪ ಚೆಂದ ಮಾಡಿದ್ದಾರೆ ಅಂದ. ಅವನೂ ನಂಬಿದ, ಅವಳೂ ನಂಬಿದಳು. ಮದುವೆ, ಮುಂಜಿವೆ, ಸಂತೆ ಎನ್ನದೆ ಉಟ್ಟಲ್ಲೆಲ್ಲ, ಗಂಡ ಬರೆದದ್ದೆಂದು ಕೇಳಿದವರಿಗೂ ಕೇಳದವರಿಗೂ ಅವಳು ಹೇಳಿದ್ದೇ ಹೇಳಿದ್ದು. ಎಂಥ ದಿನಗಳು ಅವು!

ನೀಲಮ ಫೋನಿನಲ್ಲಿ ಏನೋ ಒತ್ತಿ, ಅಂಥದೇ ಚಿತ್ರ ಹುಡುಕಿ, ಆಯಿ ನಿನ್ನ ಸೀರೆ ನೋಡು ಎಂದು ಅಜ್ಜಿಯ ಮುಂದೆ ಹಿಡಿದಳು. ಅದೇ ನೀರು, ಅದೇ ತಾವರೆ. ಆದರೆ ಅದು ಪರದೇಶದಲ್ಲೆಲ್ಲೋ ಗೋಡೆಗೆ ತೂಗುಹಾಕಿದ ಚಿತ್ರ. ಸಕ್ಕುಬಾಯಿ ತನ್ನ ಮಗಳ, ನೀಲಮಳ ತಾಯಿ ಶುಭಾಂಗಿಯ ಮುಖ ನೋಡಿದಳು. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವ ಶುಭಾಂಗಿ ತಲೆ ತಗ್ಗಿಸಿದ್ದಳು. ಆಗಿನ ಮಿಲ್ಲಿನವರು ದೊಡ್ಡ ಕಲಾವಿದರ ಪುಸ್ತಕ ಮುಂದಿಟ್ಟುಕೊಂಡು ಪ್ರಿಂಟು ಮಾಡುತ್ತಿದ್ದರು, ಈ ಚಿತ್ರ ಅಪ್ಪ ಹುಟ್ಟುವ ಮೊದಲಿನದು ಎಂದು ತಡವರಿಸುತ್ತ ಹೇಳಿದಳು.

"ನಿಮ್ಮಪ್ಪಗ ಗೊತ್ತಿತ್ತೇನ?"

"ಕಾಲೇಜಿನಾಗ ಇದ್ದಾಗ ನಾನ ಪುಸ್ತಕ ತಂದು ತೋರಿಸಿದ್ನಿ, ಅವ್ವಾ. ಭಾಳ ಹೊತ್ತು ನೋಡಿದ. 'ನಿಮ್ಮವ್ವಗ ಹೇಳಬ್ಯಾಡ, ಆಕಿ ಊರ ತುಂಬ ಹೇಳ್ಯಾಳ' ಅಂದ."

ಮೊದಮೊದಲು ತಾನೇ ಸೆರಗು ಹಿಡಿದು ಜನಕ್ಕೆ ತೋರಿಸುತ್ತಿದ್ದ ಮನುಷ್ಯ, ಆಮೇಲೆ ಸೀರೆಯ ಮಾತು ಬಂದರೆ ಸಾಕು, ತಂಬಾಕಿನ ನೆವ ಮಾಡಿ ಎದ್ದುಹೋಗುತ್ತಿದ್ದ. ಅವನದು ಸಂಕೋಚದ ಸ್ವಭಾವ ಎಂದುಕೊಂಡು ಸಕ್ಕುಬಾಯಿ ಇನ್ನಷ್ಟು ಗಟ್ಟಿಯಾಗಿ ಹೊಗಳುತ್ತಿದ್ದಳು. ಅದನ್ನೆಲ್ಲ ಹೊರಗೆ ಒಬ್ಬನೇ ಕೂತು ಕೇಳಿಸಿಕೊಂಡನಲ್ಲ ಎಂದು ಅವಳಿಗೆ ಈಗ ಹೊಳೆಯಿತು.

ಹಾಗಾದರೆ ಕೌದಿಗೆ ಬೇರೆ ಸೀರೆ ಹಾಕೋಣ ಎಂದು ನೀಲಮ ಅದನ್ನು ಮೆಲ್ಲಗೆ ಮಡಚತೊಡಗಿದಳು. ಸಕ್ಕುಬಾಯಿ ಅವಳ ಕೈಯಿಂದ ತೆಗೆದುಕೊಂಡು ರಾಮವ್ವನ ಮುಂದೆ ಹರವಿದಳು.

"ನಟ್ಟನಡುವ ಹಾಕ, ಮ್ಯಾಲ ಕಾಣೂಹಂಗ. ಕೂಸು ದೊಡ್ಡದಾಗಿ ಕೇಳಿದ್ರ, ನಿಮ್ಮ ಮುತ್ತ್ಯಾ ಬರದಿದ್ದು ಅಂತ ಹೇಳ್ರಿ."

ಶುಭಾಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೊನೆಯ ಮೂಲೆ ಹೊಲಿದು ಮುಚ್ಚುವ ಮುನ್ನ, ಕೌದಿಗೆ ಹಸಿವಾಗಬಾರದೆಂದು ಒಳಗೊಂದು ಚೂರು ಹೋಳಿಗೆ ಇಡುವುದು ರೂಢಿ. ವಾರದ ಮೇಲೆ ಆ ಮೂಲೆಗೆ ಬಂದಾಗ ರಾಮವ್ವ ಉಗುರಿನಷ್ಟು ಮುರಿದುಕೊಂಡಳು. ಸಕ್ಕುಬಾಯಿ ಅವಳನ್ನು ತಡೆದಳು.

"ನಮ್ಮ ಮನಿಯವ್ರಿಗೆ ಇಷ್ಟು ಸಾಲೂದಿಲ್ಲ," ಎಂದು ಅರ್ಧ ಹೋಳಿಗೆ ಮಡಚಿ, ತಾವರೆಗಳ ಕೆಳಗೆ ಕೈ ಹೋಗುವಷ್ಟು ಒಳಗೆ ಸರಿಸಿದಳು. ಆ ಕೈ ಹೊರಗೆ ಬರುವವರೆಗೆ ರಾಮವ್ವ ಸೂಜಿ ಹಿಡಿದು ಕಾದಳು.