ಮೂರನೇ ಗಂಟೆ ಹೊಡೆಯಿತೇ

ಈ ಸಂಗತಿಯನ್ನು ನನಗೆ ಹೇಳಿದವರು ಇಬ್ಬರು: ಅಮೆರಿಕದ ಯಂಗ್ಸ್‌ಟೌನಿನಲ್ಲಿ ಕಾಮಿಕ್ಸ್ ಅಂಗಡಿ ನಡೆಸುವ ಡೊರೀನ್ ಮತ್ತು ಅದೇ ಬೀದಿಗೆ ಅಂಚೆ ಹಂಚುವ ಗ್ಲೆನ್. ಇಬ್ಬರ ಮಾತೂ ಕೊನೆಯ ಒಂದು ಗಳಿಗೆಯವರೆಗೆ ತಾಳೆಯಾಗುತ್ತದೆ; ಅಲ್ಲಿ ಮಾತ್ರ ಬೇರೆಯಾಗುತ್ತದೆ. ಆ ಭೇದವನ್ನು ನಾನು ತಿದ್ದಲು ಹೋಗಿಲ್ಲ.

ಹೊಸ ಸಂಚಿಕೆಗಳು ಬರುವುದು ಬುಧವಾರ. ಅಂಗಡಿಯ ಗೋಡೆಯುದ್ದಕ್ಕೂ ಮರದ ಖಾನೆಗಳಿವೆ. ಒಂದೊಂದರ ಮೇಲೂ ಕಾಯಂ ಓದುಗರೊಬ್ಬರ ಹೆಸರು. ಲ್ಯಾಡಿ ಹ್ರಿಂಕೊ ಮತ್ತು ಆರ್ವಿಲ್ ತಾಕಾಚ್ ಎಂಬ ಗೆಳೆಯರ ಖಾನೆಗಳು ಅಕ್ಕಪಕ್ಕದವು. ಇಬ್ಬರೂ ಉಕ್ಕಿನ ಕಾರ್ಖಾನೆಯವರ ಮಕ್ಕಳು. ಒಂಬತ್ತರ ವಯಸ್ಸಿನಿಂದ ‘ಗಂಟೆಗಾರ’ ಎಂಬ ಕಾಮಿಕ್ಸಿನ ಭಕ್ತರು. ಈ ಗಂಟೆಗಾರನು ಹಗಲು ಎರಕದ ಕುಲುಮೆಯಲ್ಲಿ ದುಡಿದು, ಊರಿಗೆ ಕೇಡು ಬಂದಾಗ ಮುಖವಾಡ ತೊಡುವ ವೀರ. ಅವನು ಬಿದ್ದರೆ ಗೋಪುರದ ಗಂಟೆ ತಾನಾಗಿ ಹೊಡೆಯುತ್ತದೆ. ಮೂರನೆಯದು ಕೇಳಿದರೆ ಮಾತ್ರ ಏಳುತ್ತಾನೆ.

ಅರವತ್ತು ವರ್ಷ ಗೆಳೆಯರಿಬ್ಬರೂ ಜಗಳವಾಡಿದ್ದು ಇಂಥ ವೀರರನ್ನು ಕುರಿತೇ. ಈಚಿನ ಸಿನಿಮಾಗಳಾಗಲಿ ಟಿ.ವಿ. ಸರಣಿಗಳಾಗಲಿ ಲ್ಯಾಡಿಗೆ ಸೇರುತ್ತಿರಲಿಲ್ಲ.

“ಕತ್ತು ಕೊಯ್ಯೋಕೆ ಬಂದವನ ಮುಂದೆ ನಿಂತು ಜೋಕ್ ಹೊಡೀತಾನಲ್ಲೋ, ಇವನೇನು ವೀರನಾ, ಮದುವೆ ಊಟದಲ್ಲಿ ಕುಡಿದು ಕೂತ ಚಿಕ್ಕಪ್ಪನಾ? ಸತ್ತರೆ ಇನ್ನೊಂದು ಲೋಕದಿಂದ ಅವನದೇ ಪಡಿಯಚ್ಚು ಹಿಡ್ಕೊಂಡ್ ಬರ್ತಾರೆ. ಸಾವಿಗೂ ಒಂದು ಮರ್ಯಾದೆ ಬೇಡ್ವಾ? ಒಂದು ಸಿನಿಮಾ ತಿಳೀಬೇಕಾದ್ರೆ ಮೊದಲು ಮೂರು ಸರಣಿ ನೋಡಿರ್ಬೇಕಂತೆ. ಹೋಂವರ್ಕು! ಕೊನೇಲಿ ಊರೇ ಕುಸಿದು ಬೀಳುತ್ತೆ, ಮಾರನೇ ದಿನ ಗಾಜು ಗುಡಿಸೋನು ಒಬ್ಬನೂ ಇಲ್ಲ.”

“ಗುಡಿಸೋದು ನೋಡ್ಬೇಕಾದ್ರೆ ನಮ್ಮನೆಗೆ ಬಾರೋ, ಪೊರಕೆ ಕೊಡ್ತೀನಿ,” ಎನ್ನುತ್ತಿದ್ದ ಆರ್ವಿಲ್. “ವೇಷ ಬದಲಾಯ್ತು ಅಂತ ಗಂಟೆ ಬದಲಾಯ್ತಾ? ನಿನಗೆ ವಯಸ್ಸಾಗಿದ್ದು ಅವನ ತಪ್ಪಾ?”

ಇಬ್ಬರೂ ಒಪ್ಪಿದ್ದು ಒಂದೇ ವಿಷಯ: ಕಥೆಯ ಕೊನೆಯನ್ನು ನೋಡದವರ ಮುಂದೆ ಹೇಳಕೂಡದು. ಗಲ್ಲಾದ ಮೇಲಿನ ಫಲಕ ಲ್ಯಾಡಿಯ ಕೈಬರಹದ್ದೇ: ‘ಎರಡು ವಾರ ಬಾಯಿಗೆ ಬೀಗ. ಮೂರು ಸಲ ತಪ್ಪಿದವರ ಖಾನೆ ಖಾಲಿ.’ ಯಾರಾದರೂ ಕೊನೆ ಏನಾಯಿತೆಂದು ಕೇಳಿದರೆ ಗೆಳೆಯರಿಬ್ಬರೂ ತುಟಿಯ ಬಳಿ ಕಾಣದ ಕೀಲಿಯೊಂದನ್ನು ತಿರುವಿ, ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಮಾರ್ಚಿನಲ್ಲಿ ಆರ್ವಿಲ್ ಹೃದಯದ ಕಾಯಿಲೆಯಿಂದ ತೀರಿಕೊಂಡ. ಅವನ ಹೆಸರಿನ ಚೀಟಿಯನ್ನು ಡೊರೀನ್ ಕೀಳಲಿಲ್ಲ. ಅದಾದ ಮೇಲೆ ಲ್ಯಾಡಿಗೆ ವಿಚಿತ್ರವಾದ ಚಾಳಿಯೊಂದು ಅಂಟಿಕೊಂಡಿತು: ಯಾವುದೇ ಹೊಸ ಸಿನಿಮಾ ಬರಲಿ, ಮೊದಲ ಆಟ ನೋಡಿಬಂದು ಅದರ ಕೊನೆಯನ್ನು ಅಂಗಡಿಗೆಲ್ಲ ಕೇಳುವಂತೆ ಹೇಳಿಬಿಡುವುದು. ಎರಡು ಸಲ ಡೊರೀನ್ ನುಂಗಿಕೊಂಡಳು.

ಮೂರನೆಯ ಸಲ ಸಿಕ್ಕಿಬಿದ್ದವನು ಗ್ಲೆನ್. ಅಂಚೆಚೀಲ ಕೆಳಗಿಟ್ಟು, ಹಾರುವ ಹೆಣ್ಣೊಬ್ಬಳ ಹೊಸ ಸಿನಿಮಾಕ್ಕೆ ಹೊರಟಿದ್ದೇನೆಂದು ಅವನು ಹೇಳಿದ್ದೇ ತಡ, ಲ್ಯಾಡಿ ಬಾಯಿಬಿಟ್ಟ.

“ಅವಳ ಅಣ್ಣನೇ ಕಳ್ಳ. ಕೊನೇಲಿ ಸೇತುವೆಯಿಂದ ಬೀಳೋನೂ ಅವನೇ.”

“ಥೂ, ನಿನ್ನ ಬಾಯಿ ಬಿದ್ದುಹೋಗ! ಸಂಜೆ ಆಟಕ್ಕೆ ಟಿಕೆಟ್ ತಗೊಂಡಿದ್ದೀನಲ್ಲೋ ಮಾರಾಯ!”

ಡೊರೀನ್ ಎದ್ದು ಖಾನೆಗಳ ಬಳಿಗೆ ಹೋದಳು. “ಮೂರಾಯ್ತು, ಲ್ಯಾಡಿ. ಫಲಕ ನಿಂದು, ಅಕ್ಷರ ನಿಂದು. ನಾನೇನ್ ಮಾಡ್ಲಿ, ನೀನೇ ಹೇಳು.”

ಅವಳ ಉಗುರು ಹೆಸರಿನ ಚೀಟಿಯ ಅಂಚಿಗೆ ತಾಗಿತ್ತು. ಬುಧವಾರವೊಂದನ್ನು ಬಿಟ್ಟರೆ ಲ್ಯಾಡಿಗೆ ವಾರದಲ್ಲಿ ಬೇರೆ ದಿನವೇ ಇರಲಿಲ್ಲವೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತು.

“ಕೀಳು,” ಎಂದ ಲ್ಯಾಡಿ. “ಆದ್ರೆ ಕಿತ್ತ ಮೇಲೂ ಹೇಳ್ತೀನಿ. ಮಾರ್ಚಲ್ಲಿ ಒಂದು ಶುಕ್ರವಾರ ಗಂಟೆಗಾರನ ಸರಣಿಯ ಕೊನೇ ಕಂತು ಬಂತಲ್ಲ, ಆಗ ಆರ್ವಿಲ್ ಆಸ್ಪತ್ರೇಲಿದ್ದ. ಅಲ್ಲಿ ನೋಡೋಕಾಗ್ಲಿಲ್ಲ. ಶನಿವಾರ ಅವನಿಗಿಷ್ಟ ಅಂತ ಪಿರೋಗಿ ಕಡುಬು ಕಟ್ಟಿಸ್ಕೊಂಡು ಹೋದೆ. ತಿನ್ನಲಿಲ್ಲ ಅವನು. ‘ಮೂರನೇ ಗಂಟೆ ಹೊಡೀತೇನೋ?’ ಅಂದ. ನಾನು ಹಿಂಗೆ ಬೀಗ ಹಾಕಿ ತೋರಿಸ್ದೆ. ‘ಸೋಮವಾರ ಮನೆಗೆ ಬರ್ತೀಯಲ್ಲ, ನೀನೇ ನೋಡ್ಕೋ’ ಅಂದೆ. ಇನ್ನೊಂದ್ ಸಲ ಕೇಳ್ದ ಕಣಮ್ಮಾ. ನಾನು ನಗ್ತಾ ಇದ್ದೆ. ಭಾನುವಾರ ಹೋಗ್ಬಿಟ್ಟ. ಕೇಳಿದವನಿಗೆ ಹೇಳದೆ ಕಳಿಸ್ದೆ. ಇನ್ನೊಬ್ಬರನ್ನ ಹಂಗೆ ಕಳಿಸಲ್ಲ.”

ಗ್ಲೆನ್ ಟೋಪಿ ತೆಗೆದು ಕೈಯಲ್ಲಿ ಹಿಡಿದನು. ಡೊರೀನ್ ಚೀಟಿಯ ಅಂಚನ್ನು ಹೆಬ್ಬೆರಳಿನಿಂದ ಮತ್ತೆ ಒತ್ತಿ ಅಂಟಿಸಿದಳು. ಆಮೇಲೆ ಆರ್ವಿಲ್ ಕೂರುತ್ತಿದ್ದ ಸ್ಟೂಲನ್ನೆಳೆದು ಲ್ಯಾಡಿಯ ಎದುರಿಗೇ ಕುಳಿತಳು.

“ನಾನೂ ನೋಡಿಲ್ಲ,” ಎಂದಳು. “ಹೊಡೀತಾ?”

ಲ್ಯಾಡಿಯ ಮುಖದಲ್ಲಿ ಕಳೆ ಬಂದಿತಂತೆ. “ಹೊಡೀತು! ಅದೇ ತಪ್ಪಾಗಿದ್ದು! ಎರಡಕ್ಕೇ ನಿಲ್ಲಬೇಕಿತ್ತು. ಅವನು ಮಲಗಿರಬೇಕಿತ್ತು, ಊರವರೇ ಗಂಟೆ ಹಗ್ಗ ಹಿಡಿದು ಎಳೀಬೇಕಿತ್ತು. ಮುಂದಿನ ವರ್ಷ ಇನ್ನೊಂದು ಸರಣಿ ಮಾಡೋ ಆಸೆಗೆ ಎಬ್ಬಿಸಿ ಕೂರಿಸಿದ್ದಾರೆ. ಹೇಡಿಗಳು! ಏನಂತೀಯ?”

ಹೀಗೆಂದು ಅವನು ಮುಂದಕ್ಕೆ ಬಾಗಿ, ಎರಡೂ ಅಂಗೈಗಳನ್ನು ಗಲ್ಲಾದ ಮೇಲೂರಿ ಕಾದನು. ಏಟಿಗೆ ಎದುರೇಟು ಕಾಯುವವರು ಹಾಗೆ ನಿಲ್ಲುತ್ತಾರೆ.

“ನೀನು ಹೇಳೋದು ಸರಿ, ಲ್ಯಾಡಿ,” ಎಂದಳು ಡೊರೀನ್ ಮೆತ್ತಗೆ.

ಅವನು ಗ್ಲೆನ್‌ನತ್ತ ತಿರುಗಿದನು.

“ಹೌದೌದು. ನೂರಕ್ಕೆ ನೂರು ಸರಿ,” ಎಂದ ಗ್ಲೆನ್.

ಲ್ಯಾಡಿ ಸ್ಟೂಲನ್ನೊಮ್ಮೆ ನೋಡಿದ. ಕೈ ಮೇಲೆತ್ತಿ ತುಟಿಯ ಬಳಿ ಕೀಲಿ ತಿರುವಿದ. ಇಲ್ಲಿಯೇ ಇಬ್ಬರ ಮಾತು ಕವಲೊಡೆಯುವುದು. ಎಂದಿನಂತೆ ಅಂಗಿಯ ಜೇಬಿಗೇ ಹಾಕಿಕೊಂಡ ಎನ್ನುತ್ತಾನೆ ಗ್ಲೆನ್. ಇಲ್ಲ, ನಡೆದುಹೋಗಿ ಆರ್ವಿಲ್‌ನ ಖಾಲಿ ಖಾನೆಯೊಳಗೆ ಇಟ್ಟು ಬಂದ ಎನ್ನುತ್ತಾಳೆ ಡೊರೀನ್. ಬೀಗ ಹಾಕಿದನೆಂಬುದರಲ್ಲಿ ಇಬ್ಬರಿಗೂ ಸಂಶಯವಿಲ್ಲ.

ಅವನು ಈಗಲೂ ಬುಧವಾರ ತಪ್ಪದೆ ಬರುತ್ತಾನೆ. ಅವನಿಗೆ ಬೇಕಿದ್ದುದು ಎದುರುಮಾತೆಂದು ಗ್ಲೆನ್‌ಗೆ ಬುದ್ಧಿ ಬಂದದ್ದು ತಡವಾಗಿ. ಈಗ ಬೇಕೆಂದೇ ಕೆಣಕುತ್ತಾನೆ: “ಹೊಸ ಸಿನಿಮಾ ಏನು ಸೊಗಸು ಅಂತೀಯ, ಲ್ಯಾಡಿ! ಅದರ ಮುಂದೆ ನಿನ್ನ ಹಳೇ ಗಂಟೆಗಾರ ಬರೀ ತಗಡು!”

ಲ್ಯಾಡಿ ಸಂಚಿಕೆಯನ್ನು ಕಂಕುಳಲ್ಲಿ ಇರುಕಿಕೊಂಡು, ಬಾಗಿಲ ಹಿಡಿಯ ಮೇಲೆ ಕೈಯಿಡುತ್ತಾನೆ.

“ಇರಬಹುದು,” ಎನ್ನುತ್ತಾನೆ.