ಜೇಬಿನಲ್ಲಿದ್ದ ಸ್ವಿಚ್ಚು

ಮೂಗೂರಿನ ಮಿಕ್ಸಿ ರಿಪೇರಿ ಇಂದ್ರಾಣಿಯ ಕೈಗೆ ಅಲ್ಲಿಯವರೆಗೂ ಕೆಟ್ಟ ಹೆಸರು ಬಂದಿರಲಿಲ್ಲ. ಮಂಡಿನೋವಿನ ಅಪ್ಪ ಮಾರಯ್ಯ ಮೋಟರು ಹಾಕಲು ಕಾಲುವೆ ದಾಟುವುದನ್ನು ನೋಡಲಾರದೆ ಅಗ್ಗದ ರೇಡಿಯೋ ಮಾಡ್ಯೂಲ್ ತರಿಸಿ, ಈಚೆ ದಡದಿಂದಲೇ ಪಂಪು ಓಡಿಸುವ ರಿಮೋಟು ಮಾಡಿಕೊಟ್ಟಳು. ಮುದುಕ ಕಂಡಕಂಡವರಿಗೆಲ್ಲ ತೋರಿಸಿದ. ಪಕ್ಕದ ಗದ್ದೆಯ ಮಲ್ಲಯ್ಯ ಸುಮ್ಮನಿರುತ್ತಾನೆಯೇ? ಅವನಿಗೊಂದಾಯಿತು, ಅವನನ್ನು ನೋಡಿ ಇನ್ನೂ ಆರು ಜನಕ್ಕಾಯಿತು.

ಒಬ್ಬರ ರಿಮೋಟಿನ ಸಿಗ್ನಲ್ಲನ್ನು ಇನ್ನೊಬ್ಬರ ಪಂಪು ಕೇಳಬಾರದೆಂದರೆ ಒಳಗಿನ ಎಂಟು ಪಿನ್ನುಗಳಲ್ಲಿ ಒಂದೆರಡಕ್ಕೆ, ಪ್ರತಿಯೊಂದರಲ್ಲೂ ಬೇರೆ ಬೇರೆಯಾಗಿ, ಬೆಸುಗೆ ಹಾಕಬೇಕು. ಇಂದ್ರಾಣಿ ಯಾವುದಕ್ಕೂ ಹಾಕಲಿಲ್ಲ. ಅಷ್ಟು ದೂರ ಎಲ್ಲಿ ಹೋಗುತ್ತದೆ ಎಂಬ ಧೈರ್ಯ. ಆಮೇಲೆ ಮಲ್ಲಯ್ಯ, "ದೂರುಕ್ಕೆ ಇಡೀತಿಲ್ಲ ಕಣವ್ವ" ಎಂದು ಬಂದಾಗ ಗೇಣಿಗೆ ಕೊಂಚ ಕಮ್ಮಿ ತಂತಿಯನ್ನು ಅವನ ರಿಮೋಟಿಗೆ ಆಂಟೆನಾ ಮಾಡಿ ಬೆಸೆದುಕೊಟ್ಟಳು. ಪಿನ್ನುಗಳ ನೆನಪು ಮಾತ್ರ ಬರಲಿಲ್ಲ. ಅಯ್ಯೋ, ಬಂದಿದ್ದರೆ!

ಮೂರನೇ ದಿನ, ಬೆಲ್ಟು ಸರಿಮಾಡಲು ಮಾರಯ್ಯ ಕೈ ಹಾಕಿದ್ದಾಗ ಪಂಪು ತಾನಾಗಿ ತಿರುಗಿತು. ಎರಡು ಬೆರಳು ಹೋದವು.

ನರಸೀಪುರದ ಆಸ್ಪತ್ರೆಯಲ್ಲಿ ಮಲ್ಲಯ್ಯ ಮಂಚದ ಪಕ್ಕ ನಿಂತು ಗೋಳಾಡಿದ. "ನನ್ ಗದ್ದೆಗೆ ಆಗಷ್ಟೇ ಗುಂಡಿ ಒತ್ತಿದ್ದೆ, ನಿನ್ ಕೂಗು ಕೇಳುಸ್ತು. ಫ್ಯೂಸು ಕೀಳ್ದೆ ಕೈ ಆಕ್ಬೋದಾ ಮಾರಣ್ಣ?"

"ಸ್ವಿಚ್ಚು ನನ್ ಜೋಬಲ್ಲೇ ಅದಲ್ಲ ಅಂತ ಧೈರ್ಯ ಕಣ್ಲಾ. ಕುಂತ್ಕಳೋವಾಗ ನನ್ ತೊಡೇನೇ ಒತ್ಬುಡ್ತು. ಮಗಳ ಕೆಲ್ಸದಲ್ಲಿ ಏನೂ ತಪ್ಪಿಲ್ಲ."

ಆಗಷ್ಟೇ ಗುಂಡಿ ಒತ್ತಿದ್ದೆ ಎಂಬ ಮಾತಿಗೆ ಇಂದ್ರಾಣಿಗೆ ತಾನು ಬೆಸೆಯದೆ ಬಿಟ್ಟ ಪಿನ್ನುಗಳು ನೆನಪಾಗಿದ್ದವು. ಆದರೂ ಅಪ್ಪನ ಮಾತೇ ನಿಜವಾಗಲಿ ಎಂದು ಆಸೆಪಟ್ಟಳು, ಸುಳ್ಳೇಕೆ? ಹಾಗಾದರೆ ಅಂಗಡಿ ಉಳಿಯುತ್ತಿತ್ತು. ರಕ್ತವಾಗಿದ್ದ ಅವನ ಚಡ್ಡಿಯ ಜೇಬು ತಡಕಿದಳು. ರಿಮೋಟು ಸಿಕ್ಕಿತು, ಒಳಗೆ ಶೆಲ್ಲು ಇರಲಿಲ್ಲ. ಅದು ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ, ಒಂದು ಹನಿ ರಕ್ತವೂ ತಾಗದೆ, ಭದ್ರವಾಗಿತ್ತು.

"ಅಪ್ಪ, ಕೈ ಆಕೋಕ್ ಮುಂಚೇನೇ ಶೆಲ್ ತೆಗ್ದಿಟ್ಟಿದ್ದೆ ನೀನು."

"ಸುಮ್ಕಿರವ್ವ," ಎಂದ ಮಾರಯ್ಯ ಮೆಲ್ಲಗೆ. "ನಂದೇನು, ಮುಗೀತು. ನಿನ್ ಅಂಗ್ಡಿ ನಡೀಬೇಕು."

ಇಂದ್ರಾಣಿ ಬಿಕ್ಕಿಬಿಕ್ಕಿ ಅತ್ತಳು. ಊರಲ್ಲಿ ಇನ್ನೂ ಆರು ಪಂಪುಗಳಿದ್ದವು. ಕಣ್ಣೊರೆಸಿಕೊಂಡು ತಿರುಗಿದಳು.

"ಮಲ್ಲಣ್ಣ, ನಿನ್ ರಿಮೋಟು ಕೊಡು. ಅಪ್ಪನ ಪಂಪು ಓಡ್ಸಿದ್ದು ಅದೇಯ. ತಪ್ಪು ನಿಂದಲ್ಲ, ನಂದು. ಎಲ್ಲಾರ್ದೂ ಇವತ್ತೇ ಬಿಚ್ಚುಸ್ತೀನಿ."

ಮಲ್ಲಯ್ಯ ಜೇಬಿನಿಂದ ಅದನ್ನು ತೆಗೆದು, ಗುಂಡಿಗೆ ಬೆರಳು ತಾಗದ ಹಾಗೆ ಅಂಚಲ್ಲಿ ಹಿಡಿದು, ಅವಳ ಕೈಗಿಟ್ಟ.